ಕೇಳಿಸಿಕೊಂಡವಳು

ಶನಿವಾರ ಮಧ್ಯಾಹ್ನ ಅತ್ತೆ ಚಪ್ಪಲಿ ಮೆಟ್ಟಿಕೊಂಡಳೆಂದರೆ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಎದುರು ಕಟ್ಟಡದ ದರ್ಜಿಯ ಹೆಂಡತಿಯಂತೂ ರೇಡಿಯೋ ಆರಿಸಿ ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದಳು. ಕೆಳಗಿನ ಸಂದಿಯಲ್ಲಿ ಅವಳ ಕಾಲ್ಬೆರಳುಗಳು ಕಾಣುತ್ತಿದ್ದವು. ಅತ್ತೆ ಆ ಕಾಲ್ಬೆರಳುಗಳಿಗೇ ಯೇಸುವಿನ ಪ್ರೀತಿಯ ವಿಷಯ ಹೇಳಿ, ಕರಪತ್ರವನ್ನು ಸಂದಿಯಲ್ಲಿ ತೂರಿಸಿ, ದೇವರು ಒಳ್ಳೇದು ಮಾಡಲಿ ಎಂದು ಹರಸಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಜನ ಅವಳಿಗೆ ಶನಿವಾರದಮ್ಮ ಎಂದು ಹೆಸರಿಟ್ಟಿದ್ದರು. ಅದು ಮನೆಯವರ ಕಿವಿಗೆ ಬಿದ್ದ ದಿನ ಮಾವ, "ವಾರ ಸೇರಿಸಿದ್ದಾರಲ್ಲ, ಪುಣ್ಯ. ಬರೀ ಮೊದಲರ್ಧ ಅಂದಿದ್ರೆ ಏನು ಮಾಡ್ತಿದ್ದೆ?" ಎಂದಿದ್ದ.

ಮಾವನದು ಬೀಗ ರಿಪೇರಿ ಕೆಲಸ. ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ತಗಡಿನ ಪೆಟ್ಟಿಗೆಯಂಗಡಿ, ಅದರ ತುಂಬ ನೇತುಬಿದ್ದ ಕೀಲಿಕೈಗಳು. ಕೀಲಿ ಕಳೆದುಕೊಂಡವರು ಕರೆದಲ್ಲಿಗೆ ಹೋಗಿ ಬಾಗಿಲು ತೆಗೆದುಕೊಡುತ್ತಿದ್ದ. ತಾನು ಹೋದ ಕಡೆ ಬಾಗಿಲು ತೆರೆಯುತ್ತದೆ, ಹೆಂಡತಿ ಹೋದ ಕಡೆ ಮುಚ್ಚುತ್ತದೆ, ಒಟ್ಟಿನಲ್ಲಿ ಸಂಸಾರ ಸರಿದೂಗಿತು ಎಂದು ಅವನು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದ. ಮಗನಿಗೆ ಈ ತಮಾಷೆ ಹಿಡಿಸುತ್ತಿರಲಿಲ್ಲ. ಅವನು ಲಿಫ್ಟ್ ಮೆಕ್ಯಾನಿಕ್. ರಿಪೇರಿಗೆ ಹೋದ ಕಟ್ಟಡಗಳಲ್ಲೆಲ್ಲ, ನಿಮ್ಮಮ್ಮ ಹೋದ ವಾರ ಬಂದಿದ್ರು ಎಂದು ಯಾರಾದರೊಬ್ಬರು ಮುಗುಳ್ನಗುತ್ತಿದ್ದರು. ಅವನು ತಲೆಯನ್ನು ಲಿಫ್ಟಿನ ಗುಂಡಿಯೊಳಗೆ ಹುದುಗಿಸಿಕೊಂಡು ಕೇಳಿಸದವನಂತೆ ಇರುತ್ತಿದ್ದ.

ಸೊಸೆ ಈ ಕೆಲಸಕ್ಕೆ ಬಿದ್ದದ್ದು ಬೇರೆ ದಾರಿಯಿಲ್ಲದೆ. ಅತ್ತೆಯ ಜೊತೆ ಹೋಗುತ್ತಿದ್ದ ನಿವೃತ್ತ ಸೂಲಗಿತ್ತಿ ಮಗಳ ಊರಿಗೆ ಹೊರಟುಹೋದಳು. ಸುವಾರ್ತೆ ಹೇಳಲು ಒಬ್ಬೊಬ್ಬರೇ ಹೋಗಬಾರದು, ಜೋಡಿಯಾಗಿ ಹೋಗಬೇಕು ಎನ್ನುವುದು ಅವರ ಸಭೆಯ ನಿಯಮ. ನನ್ನ ಬಾಯಿ ದೇವರ ಕೆಲಸಕ್ಕೆ ಆಗಿಬರುವುದಿಲ್ಲ ಎಂದು ಮಾವ ಜಾರಿಕೊಂಡ. ಮಗನಿಗೆ ಶನಿವಾರವೂ ಡ್ಯೂಟಿ. ಉಳಿದವಳು ಸೊಸೆ. ಕಾಲುಚೀಲದ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಯಂತ್ರದಿಂದ ಬಿದ್ದ ಚೀಲಗಳನ್ನು ಅಳತೆ ನೋಡಿ, ಬಣ್ಣ ನೋಡಿ ಜೋಡಿ ಮಾಡಬೇಕು. ಶನಿವಾರ ಅರ್ಧ ದಿನ. ಆ ಅರ್ಧ ದಿನದಲ್ಲಿ ಬಟ್ಟೆ ಒಗೆದು, ಒಂದು ಗಳಿಗೆ ಕಾಲು ಚಾಚಿ ಮಲಗುವುದು ಅವಳ ವಾರದ ಸುಖವಾಗಿತ್ತು. ದೇವರಲ್ಲಿ ಅವಳಿಗೂ ನಂಬಿಕೆಯಿತ್ತು. ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತಿದ್ದಳು, ಭಾನುವಾರ ಸಭೆಯಲ್ಲಿ ಕೂರುತ್ತಿದ್ದಳು. ಆದರೆ ಆ ನಂಬಿಕೆಯನ್ನು ಕಂಡವರ ಹೊಸ್ತಿಲ ಮೇಲೆ ಬಿಚ್ಚಿಡುವುದೆಂದರೆ ಮೈ ಹಿಡಿಯಷ್ಟಾಗುತ್ತಿತ್ತು. ಅತ್ತೆಗೂ ಅದು ಗೊತ್ತಿತ್ತು.

"ನೀನೇನೂ ಮಾತಾಡಬೇಡ. ಜೊತೆಗೆ ನಿಂತಿರು, ಸಾಕು. ಮಧ್ಯೆ ಮಾತ್ರ ಬಾಯಿ ಹಾಕಬೇಡ, ನನಗೆ ಎಳೆ ತಪ್ಪುತ್ತೆ," ಎಂದು ಮೊದಲ ದಿನವೇ ಹೇಳಿದ್ದಳು.

ಸೊಸೆ ನಿಂತಳು. ಅತ್ತೆಯ ಮಂಡಿ ಸರಿಯಿರಲಿಲ್ಲವಾದ್ದರಿಂದ ಮಹಡಿ ಹತ್ತುವಾಗ ತೋಳು ಕೊಟ್ಟಳು, ಕರಪತ್ರದ ಚೀಲ ಹೊತ್ತಳು. ಬಾಗಿಲು ತೆಗೆದವರು ಕೆಲವರು ಕೈಯಾಡಿಸಿ ಕಳಿಸುತ್ತಿದ್ದರು, ಕೆಲವರು ನಿಂತು ಕೇಳಿದಂತೆ ಮಾಡಿ ಒಲೆಯ ಮೇಲೆ ಹಾಲಿದೆ ಎನ್ನುತ್ತಿದ್ದರು. ಒಬ್ಬ ಮುದುಕ ಮಾತ್ರ ಪ್ರತಿ ವಾರವೂ ಪೂರ್ತಿ ಕೇಳಿ ಕೊನೆಗೆ, ಎಲ್ಲ ಸರಿ, ನೀವು ಯಾವ ಕಂಪನಿಯವರು ಎನ್ನುತ್ತಿದ್ದ. ಅತ್ತೆಗೆ ಇದ್ಯಾವುದರಿಂದಲೂ ಬೇಸರವಾಗುತ್ತಿರಲಿಲ್ಲ. ಹಿಂದೊಮ್ಮೆ ದೊಡ್ಡ ಕಾಯಿಲೆಯಲ್ಲಿ ಮಲಗಿದ್ದಾಗ, ಗುರುತಿಲ್ಲದ ಇಬ್ಬರು ಹೆಂಗಸರು ಬಾಗಿಲು ತಟ್ಟಿ ಬಂದು ಹಾಸಿಗೆಯ ಪಕ್ಕ ಮೊಣಕಾಲೂರಿ ಪ್ರಾರ್ಥಿಸಿದ್ದರಂತೆ. ಆ ಉಪಕಾರವನ್ನು ಬೀದಿಗೆಲ್ಲ ತೀರಿಸಬೇಕು ಎಂದು ಅವಳು ಹೊರಟಿದ್ದಳು.

ಬೀದಿಯ ಕೊನೆಯಲ್ಲಿ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಇಸ್ತ್ರಿಯವಳ ಕೋಣೆಯಿತ್ತು. ಅವಳು ಮಾತ್ರ ಬಾಗಿಲನ್ನು ಪೂರ್ತಿ ತೆಗೆದಳು.

"ಒಳಗೇ ಬನ್ನಿ. ಬಾಗಿಲಲ್ಲಿ ನಿಂತ್ರೆ ನನ್ನ ಕೆಲಸ ನಿಲ್ಲುತ್ತೆ," ಎಂದು ಮತ್ತೆ ಮೇಜಿನ ಹಿಂದೆ ಹೋಗಿ ನಿಂತಳು.

ಒಂದೇ ಕೋಣೆ. ಗೋಡೆಯುದ್ದಕ್ಕೂ ಬಟ್ಟೆಯ ಗಂಟುಗಳು, ನಡುವೆ ಕಂಬಳಿ ಹೊದಿಸಿದ ಮೇಜು, ಮೂಲೆಯಲ್ಲಿ ಮಂಚ. ನಲವತ್ತರ ಆಸುಪಾಸಿನ ಹೆಂಗಸು. ಗಂಡ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಊರಿನ ಇನ್ನೊಂದು ತುದಿಯಲ್ಲಿ ಗೋಡೆಗೆ ಬಣ್ಣ ಬಳಿಯುವ ತಮ್ಮನೊಬ್ಬನಿದ್ದ. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದರಿಂದ ಈಚೆಗೆ ಬಂದಿರಲಿಲ್ಲ. ಇದನ್ನೆಲ್ಲ ಅವಳು ಅಂಗಿಯ ತೋಳು ಮಗುಚುತ್ತ, ಬೇರೆ ಯಾರದೋ ವಿಷಯವೆಂಬಂತೆ ಹೇಳಿದಳು. ಅತ್ತೆ ಯೇಸು ಕುರುಡ ಭಿಕ್ಷುಕನಿಗೆ ಕಣ್ಣು ಕೊಟ್ಟ ಕಥೆ ಹೇಳಿದಾಗ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದಳು. ಮಧ್ಯೆ ಪ್ರಶ್ನೆ ಹಾಕಿದಳು. ಆ ಕುರುಡನಿಗೆ ಕಣ್ಣು ಬಂದಮೇಲೆ ಹೊಟ್ಟೆಪಾಡಿಗೆ ಏನು ಮಾಡಿದ, ಭಿಕ್ಷೆ ಬೇಡೋದು ತಪ್ಪಿತಲ್ಲ ಎಂದು ಕೇಳಿದಳು. ಅತ್ತೆ ಮನೆಯವರೆಗೂ ಅದನ್ನೇ ಯೋಚಿಸಿಕೊಂಡು ಬಂದಳು.

ಅಲ್ಲಿಂದ ಮನೆಯ ಹವೆಯೇ ಬದಲಾಯಿತು. ಅತ್ತೆ ಪಾತ್ರೆ ತೊಳೆಯುವಾಗ ಹಾಡಿಕೊಳ್ಳತೊಡಗಿದಳು. ಶನಿವಾರ ಬೆಳಿಗ್ಗೆಯೇ ಮೊಟ್ಟೆ ಬೇಯಿಸಿ, ಬ್ರೆಡ್ಡು ಕಟ್ಟಿ, ಇಸ್ತ್ರಿಯವಳಿಗೆಂದು ಬೇರೆ ಇಡುತ್ತಿದ್ದಳು. ನನಗೂ ಫಿಟ್ಸ್ ಬಂದರೆ ಎರಡು ಮೊಟ್ಟೆ ಸಿಗುತ್ತದೋ ಏನೋ ಎಂದು ಮಾವ ಗೊಣಗಿದ. ಬೇರೆ ಬಾಗಿಲುಗಳನ್ನು ಅತ್ತೆ ಈಗ ಬೇಗಬೇಗ ಮುಗಿಸುತ್ತಿದ್ದಳು. ಕೊನೆಯ ಕೋಣೆಗೆ ಹೊತ್ತು ಉಳಿಸಬೇಕಿತ್ತು. ಸೊಸೆಗೂ ಅಲ್ಲಿ ಹಿಡಿಸಿತ್ತು. ಕೂರಲು ಒಂದು ಸ್ಟೂಲು ಸಿಗುತ್ತಿತ್ತು, ಬಿಸಿ ಬಟ್ಟೆಯ ವಾಸನೆಯಿತ್ತು, ಇಸ್ತ್ರಿಯವಳು ಚಹಾ ಕೊಡುತ್ತಿದ್ದಳು. ಒಂದು ದಿನ ಅವಳು ಸೊಸೆಯ ಕೈ ನೋಡಿ, ದಿನವಿಡೀ ನೂಲು ಹಿಡಿದು ಚರ್ಮ ಒರಟಾದದ್ದು ಕಂಡು, ಮೇಜಿನ ಕೆಳಗಿಂದ ಎಣ್ಣೆಯ ಸೀಸೆ ತೆಗೆದು ಮುಂದಿಟ್ಟಳು.

ಮುಂದೊಂದು ಶನಿವಾರ ಹೋದಾಗ ಇಸ್ತ್ರಿಯವಳ ಮುಖ ಬಾಡಿತ್ತು. ನಿಂತಲ್ಲೇ ತೂಕಡಿಸಿ ಗಿರಾಕಿಯೊಬ್ಬನ ಅಂಗಿ ಸುಟ್ಟಿದ್ದಳು. ಅವನು ಬಾಯಿಗೆ ಬಂದಂತೆ ಬೈದು ಹೋಗಿದ್ದ.

"ಈ ಮಾತ್ರೆ ನುಂಗಿದ್ರೆ ನಾನು ಅರ್ಧ ಸತ್ತ ಹಾಗೆ. ತಲೆ ಒಳಗೆ ಹತ್ತಿ ತುರುಕಿದ ಹಾಗೆ ಇರುತ್ತೆ," ಎಂದಳು. "ನಿಮ್ಮ ದೇವರು ಇದನ್ನ ವಾಸಿ ಮಾಡ್ತಾನಾ?"

"ಮಾಡ್ತಾನೆ. ಕೇಳಿದವರಿಗೆ ಅವನು ಇಲ್ಲ ಅಂದಿಲ್ಲ."

"ಹಾಗಾದ್ರೆ ಮಾತ್ರೆ ಬೇಕಾಗಲ್ವಾ?"

ಇಷ್ಟು ವರ್ಷ ತಟ್ಟಿದ ಬಾಗಿಲುಗಳಲ್ಲಿ ಯಾರೂ ಅತ್ತೆಯನ್ನು ಇಂಥ ಮಾತು ಕೇಳಿರಲಿಲ್ಲ. ಅವಳ ಮುಖಕ್ಕೆ ರಕ್ತ ನುಗ್ಗಿ ಬಂತು.

"ಪೂರ್ತಿ ನಂಬಿದವರಿಗೆ ಯಾವ ಮಾತ್ರೆಯೂ ಬೇಕಾಗಲ್ಲ," ಎಂದಳು.

ಸೊಸೆ ಸ್ಟೂಲಿನ ಮೇಲೆ ನೆಟ್ಟಗಾದಳು. ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಕಣ್ಣು ಅವಳ ಕಡೆ ಹೊರಳಿತು. ಎಳೆ ತಪ್ಪಿಸಬೇಡ ಎನ್ನುವ ನೋಟ. ಸೊಸೆ ಬಾಯಿ ಮುಚ್ಚಿಕೊಂಡು ಚಹಾದ ಲೋಟ ಎತ್ತಿದಳು. ಅತ್ತೆ ಇಸ್ತ್ರಿಯವಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದಳು. ಮುಗಿಯುವಾಗ ಇಬ್ಬರ ಕಣ್ಣಲ್ಲೂ ನೀರಿತ್ತು.

ದಾರಿಯಲ್ಲಿ ಸೊಸೆ, ಮಾತ್ರೆ ಬಿಡು ಎಂದ ಹಾಗಾಯಿತಲ್ಲ ಅತ್ತೆ ಎಂದು ಮೆಲ್ಲಗೆ ಮಾತು ತೆಗೆದಳು. ತಾನು ಆಡಿದ್ದು ನಂಬಿಕೆಯ ಮಾತು, ಅದರಲ್ಲಿ ನಿನಗೆ ಮಾತ್ರೆಯೇ ಕಂಡಿತೇ ಎಂದು ಅತ್ತೆ ಗದರಿದಳು. ಮನೆಗೆ ಹೋದರೆ ತೊಟ್ಟಿಯ ತುಂಬ ಬಟ್ಟೆ ನೆನೆದಿತ್ತು. ಸೊಸೆ ಸೆರಗು ಸಿಕ್ಕಿಸಿ ಒಗೆಯಲು ಕೂತಳು. ಮಾತು ಅಲ್ಲಿಗೆ ನಿಂತಿತು.

ಮುಂದಿನ ವಾರ ಇಸ್ತ್ರಿಯವಳು ಬೇರೆ ಹೆಂಗಸೇ ಆಗಿದ್ದಳು. ಕಣ್ಣು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು, ಗಂಟುಗಳು ಅರ್ಧ ಖಾಲಿಯಾಗಿದ್ದವು. ಬೆಳಿಗ್ಗೆ ಎದ್ದರೆ ಹಕ್ಕಿ ಕೂಗುವುದು ಕೇಳಿಸುತ್ತದೆ, ಇಷ್ಟು ದಿನ ಅವು ಎಲ್ಲಿದ್ದವೋ ಎಂದು ನಕ್ಕಳು. ಆ ಭಾನುವಾರ ಅತ್ತೆ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದಳು. ಚಿಕ್ಕಂದಿನ ರೋಗ, ಬಿಟ್ಟುಹೋದ ಗಂಡ, ಸುಟ್ಟ ಅಂಗಿ, ಈಗ ಕೇಳಿಸುತ್ತಿರುವ ಹಕ್ಕಿ ಎಲ್ಲವನ್ನೂ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಸಭೆಯ ಪಾಲಕರು ಇಂಥ ಹತ್ತು ಜನ ತಾಯಂದಿರಿದ್ದರೆ ಊರೇ ಎದ್ದು ನಿಲ್ಲುತ್ತದೆ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸೊಸೆಯೂ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟುವಾಗ ಕೈ ಕಟ್ಟಿ ಕೂರುವುದು ಹೇಗೆ?

ಅದಾಗಿ ಹೆಚ್ಚು ದಿನವಿಲ್ಲ. ಒಂದು ಬೆಳಿಗ್ಗೆ ಯಾರೋ ಓಡಿಬಂದು ಮಾವನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಹೋದರು. ಮೆಟ್ಟಿಲ ಕೆಳಗಿನ ಕೋಣೆಯಿಂದ ಸುಟ್ಟ ವಾಸನೆ ಬರುತ್ತಿತ್ತು, ಒಳಗಿನಿಂದ ಬೀಗ ಹಾಕಿತ್ತು, ಕೂಗಿದರೆ ಉತ್ತರವಿರಲಿಲ್ಲ. ಮಾವ ಬೀಗ ತೆಗೆದ. ಇಸ್ತ್ರಿಯವಳು ಮೇಜಿನ ಮೇಲೆ ಕವುಚಿ ಬಿದ್ದಿದ್ದಳು. ಬಲಗೈ ಕಾದ ಇಸ್ತ್ರಿ ಪೆಟ್ಟಿಗೆಯ ಅಡಿಯಲ್ಲಿತ್ತು.

ಅವನು ಅಂಗಡಿಗೆ ಮರಳದೆ ಮನೆಗೆ ಬಂದ. ಸಾಬೂನು ಹಚ್ಚಿ ಕೈ ತೊಳೆದ, ಮತ್ತೆ ಹಚ್ಚಿ ತೊಳೆದ. ಅತ್ತೆ ಏನಾಯಿತೆಂದು ಕೇಳಿದಾಗ ಒರೆಸಿಕೊಳ್ಳುತ್ತಲೇ ಹೇಳಿದ. ಜೀವಕ್ಕೆ ಅಪಾಯವಿಲ್ಲ, ಆಸ್ಪತ್ರೆಗೆ ಒಯ್ದಿದ್ದಾರೆ, ಆದರೆ ಕೈ ಕೈಯಾಗಿ ಉಳಿದಿಲ್ಲ. ಅವತ್ತು ಸಂಜೆಯವರೆಗೂ ಒಲೆ ಹಚ್ಚಿದವರಿಲ್ಲ. ಕಾರ್ಖಾನೆಯಿಂದ ಬಂದ ಸೊಸೆ ಆಲೂಗಡ್ಡೆ ಬೇಯಿಸಿ ಬಡಿಸಿದರೆ ಮಾವ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

"ಅವಳು ಮಾತ್ರೆ ಬಿಟ್ಟಿದ್ಲಂತೆ," ಎಂದ. "ಕಟ್ಟಡದವರೆಲ್ಲ ಹೇಳ್ತಿದ್ರು."

"ಬಿಟ್ಟಿದ್ರೆ ಅವಳು ಬಿಟ್ಟಿದ್ದು. ಅಮ್ಮ ಯಾಕೆ ಅದನ್ನ ಮೈಮೇಲೆ ಎಳ್ಕೋಬೇಕು?" ಎಂದ ಮಗ.

"ಯಾರು ಎಳ್ಕೊಂಡ್ರು? ನಾನು ಬಾಗಿಲು ತೆಗೆದಿದ್ದು ಹೇಳಿದೆ."

ಅತ್ತೆ ಕೋಣೆಗೆ ಹೋಗಿ ಪ್ರಾರ್ಥನೆಗೆ ಕೂತಳು. ಮಗ ಹೆಂಡತಿಯನ್ನು ಅಡುಗೆಮನೆಗೆ ಕರೆದು, ಯಾರು ಕೇಳಿದರೂ ನೀನು ಏನೂ ಕೇಳಿಸಿಕೊಂಡಿಲ್ಲ ಎಂದುಬಿಡು ಎಂದು ಪಿಸುಗುಟ್ಟಿದ. ಅವಳು ಹೂಂ ಎಂದಳು. ಬೆಂದ ಆಲೂಗಡ್ಡೆಯನ್ನು ಮುಚ್ಚಿಟ್ಟಳು. ಮರುದಿನ ಅದನ್ನೇ ಬಿಸಿ ಮಾಡಿ ಎಲ್ಲರೂ ತಿಂದರು.

ಭಾನುವಾರ ಸಂಜೆ ಇಸ್ತ್ರಿಯವಳ ತಮ್ಮ ಬಂದ. ಉಗುರುಗಳಲ್ಲಿ ಸುಣ್ಣದ ಬಿಳಿ ಕಟ್ಟಿದ್ದ, ಸಣಕಲು ಮೈಯವನು. ಮಾವ ಕುರ್ಚಿ ಎಳೆದರೂ ಕೂರಲಿಲ್ಲ.

"ನಾನು ಜಗಳಕ್ಕೆ ಬಂದಿಲ್ಲ. ಮಾತ್ರೆ ಯಾಕೆ ನಿಲ್ಲಿಸಿದ್ಲು ಅಂತ ಆಸ್ಪತ್ರೆಯಲ್ಲಿ ಕೇಳ್ತಾರೆ, ಅವಳು ಬಾಯಿ ಬಿಡ್ತಿಲ್ಲ. ನೀವು ಬಿಡು ಅಂದ್ರಿ ಅಂತ ಪಕ್ಕದವರು ಹೇಳಿದ್ರು. ಹೌದಾ, ಅಲ್ವಾ, ಅಷ್ಟು ಹೇಳಿ. ಹೋಗ್ತೀನಿ."

"ನಾನು ಹಾಗೆ ಹೇಳೇ ಇಲ್ಲ," ಎಂದಳು ಅತ್ತೆ. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳದೇ ಎಂದು ಗೊತ್ತಾಗುವಂತಿರಲಿಲ್ಲ. "ನಂಬು ಅಂದೆ. ಪ್ರಾರ್ಥನೆ ಮಾಡಿದೆ. ಮಾತ್ರೆ ಬಿಡು ಅಂತ ನಾನು ಯಾಕೆ ಹೇಳ್ತೀನಿ?"

ತಮ್ಮ ತಲೆಯಾಡಿಸಿದ. ಹೋಗಲು ತಿರುಗಿದವನು ಸೊಸೆಯನ್ನು ನೋಡಿದ. "ನೀವೂ ಬರ್ತಿದ್ರಂತಲ್ಲ?"

ಗಂಡ ಕೆಮ್ಮಿದ. ಸೊಸೆಯ ಕೈಯಲ್ಲಿ ಒಗೆದ ಕಾಲುಚೀಲಗಳಿದ್ದವು. ಅವನ್ನು ಜೋಡಿ ಮಾಡುತ್ತ ನಿಂತಿದ್ದಳು.

"ಹೇಳಿದ್ರು," ಎಂದಳು. "ಪೂರ್ತಿ ನಂಬಿದವರಿಗೆ ಮಾತ್ರೆ ಬೇಕಾಗಲ್ಲ ಅಂದ್ರು. ನಾನಲ್ಲೇ ಕೂತಿದ್ದೆ."

ತಮ್ಮ, ಸರಿ, ಗೊತ್ತಾದರೆ ಸಾಕಿತ್ತು ಎಂದು ಮೆಟ್ಟಿಲಿಳಿದು ಹೋದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸಿರಬೇಕು. ಅವನು ಮಾಡದ ಜಗಳವನ್ನು ಮನೆಯವರೇ ಮಾಡಿಕೊಂಡರು. ಗಂಡ ಬಾಗಿಲು ಹಾಕಿ ಬಂದು, ಮನೆಯ ಮಾತನ್ನು ಬೀದಿಗೆ ಚೆಲ್ಲಿದೆ, ನನ್ನ ತಾಯಿಯನ್ನು ಹೊರಗಿನವನ ಮುಂದೆ ಸುಳ್ಳಿ ಮಾಡಿದೆ ಎಂದು ಹರಿಹಾಯ್ದ. ಸುಳ್ಳು ಹೇಳಿದ್ದು ಅವಳಲ್ಲವಲ್ಲ ಎಂದು ಮಾವ ನಡುವೆ ಬಂದ. ನೀನು ಯಾವತ್ತು ಅಮ್ಮನ ಪರ ನಿಂತಿದ್ದೀಯ, ಬೀದಿಯವರ ಜೊತೆ ಸೇರಿ ನಗೋದೊಂದೇ ನಿನ್ನ ಕೆಲಸ ಎಂದು ಮಗ ಅಪ್ಪನ ಮೇಲೆ ತಿರುಗಿದ. ಮಾವನಿಗೆ ಅದು ನಾಟಿತು. ಆಮೇಲೆ ಅವನು ಆ ಮನೆಯಲ್ಲಿ ತಮಾಷೆ ಮಾಡಿದ್ದನ್ನು ಯಾರೂ ಕೇಳಲಿಲ್ಲ.

ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು. ಅವಳು ಮಾಡಿದ್ದನ್ನು ತಿನ್ನುವುದನ್ನೂ ಬಿಟ್ಟಳು. ಸೊಸೆ ಕಾರ್ಖಾನೆಗೆ ಹೋದಮೇಲೆ ಸಣ್ಣ ಪಾತ್ರೆಯಲ್ಲಿ ತನ್ನಷ್ಟಕ್ಕೆ ಬೇಯಿಸಿಕೊಂಡು, ತಿಂದು, ಪಾತ್ರೆ ತೊಳೆದು ಕವುಚಿಡುತ್ತಿದ್ದಳು. ಒಂದೇ ಅಡುಗೆಮನೆಯಲ್ಲಿ ಎರಡು ಉಪ್ಪಿನ ಡಬ್ಬಿಗಳಾದವು. ಮಗ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡ. ಮಾವ ಅಂಗಡಿಯಲ್ಲೇ ಬ್ರೆಡ್ಡು ತಿಂದು ಬರುತ್ತಿದ್ದ. ಸೊಸೆ ಒಬ್ಬಳೇ ತಟ್ಟೆ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಏನು ಹೇಳಬೇಕೆಂದು ತೋಚದೆ ಕಣ್ಣು ತೆರೆದು ಉಣ್ಣುತ್ತಿದ್ದಳು.

ಪಾಲಕರು ಒಮ್ಮೆ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮೆದು ಮಾತಿನವರು. ಸೈತಾನನು ಒಳ್ಳೆಯ ಕೆಲಸಕ್ಕೇ ಕಣ್ಣು ಹಾಕುವುದು, ಎದೆಗುಂದಬಾರದು ಎಂದು ಸಮಾಧಾನ ಹೇಳಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಅವತ್ತು ಮುಂದೆ ನಿಂತು ಸಾಕ್ಷಿ ಹೇಳಿದೆನಲ್ಲ. ಈಗ ಆಗಿದ್ದನ್ನೂ ಅಲ್ಲೇ ನಿಂತು ಹೇಳಲಾ?"

ಪಾಲಕರು ಚಹಾದ ಬಟ್ಟಲನ್ನು ತಿರುಗಿಸುತ್ತ ಕೂತರು. ಹೊಸದಾಗಿ ಬರುತ್ತಿರುವವರು ಇದ್ದಾರೆ, ಅವರ ಮನಸ್ಸು ಕದಡುತ್ತದೆ, ದೇವರಿಗೆ ಗೊತ್ತಿದೆಯಲ್ಲ ಸಾಕು ಎಂದರು. ಸ್ವಲ್ಪ ದಿನ ನೀವು ವಿಶ್ರಾಂತಿ ತಗೊಳ್ಳಿ, ಶನಿವಾರದ ಕೆಲಸಕ್ಕೆ ಬೇರೆಯವರನ್ನು ಹಾಕಿದ್ದೇವೆ ಎಂದೂ ಸೇರಿಸಿದರು. ಅವರು ಹೋದಮೇಲೆ ಅತ್ತೆ ಕರಪತ್ರದ ಚೀಲವನ್ನು ಮಂಚದ ಕೆಳಗೆ ತಳ್ಳಿದಳು.

ಸೊಸೆ ಸಂಜೆ ಕೆಲಸ ಮುಗಿಸಿ ಆಗಾಗ ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ಉದ್ದನೆಯ ವಾರ್ಡು, ಔಷಧಿಯ ಕಮಟು, ಸಾಲು ಮಂಚಗಳು. ಇಸ್ತ್ರಿಯವಳ ಬಲಗೈ ಮೊಣಕೈವರೆಗೆ ಬಟ್ಟೆಯಲ್ಲಿತ್ತು. ಕೆನ್ನೆಯ ಮೇಲೂ ಪಟ್ಟಿಯಿತ್ತು. ಬೆರಳುಗಳು ಒಂದಕ್ಕೊಂದು ಅಂಟಿವೆ, ಬಿಡಿಸಿದರೂ ಹಿಡಿತ ಬರುವುದು ಕಷ್ಟ ಎಂದು ನರ್ಸು ಹೇಳಿದಳು. ಸೊಸೆ ಮೊಟ್ಟೆ ಸುಲಿದು ತಿನ್ನಿಸುತ್ತಿದ್ದಳು. ಇಸ್ತ್ರಿಯವಳು ಬಾಯಿ ತೆರೆಯುತ್ತಿದ್ದಳು, ಅಗಿಯುತ್ತಿದ್ದಳು, ಗೋಡೆಯ ಕಡೆ ತಿರುಗುತ್ತಿದ್ದಳು. ಮಾತ್ರೆಯಿಂದ ಅವಳ ಕಣ್ಣು ಮತ್ತೆ ಮಂಕಾಗಿತ್ತು. ನಾನು ನಿಮ್ಮ ತಮ್ಮನಿಗೆ ನಿಜ ಹೇಳಿದೆ ಎಂದು ಸೊಸೆ ಒಮ್ಮೆ ಹೇಳಿದಳು. ಆ ಮಾತಿಗೆ ಏನೋ ಒಂದು ಉತ್ತರ ಬರುತ್ತದೆಂದು ಕಾದಳು. ಇಸ್ತ್ರಿಯವಳು ಮುಂದಿನ ತುತ್ತಿಗೆ ಬಾಯಿ ತೆರೆದಳು.

ಹೀಗೆ ವಾರಗಳು ಕಳೆದು, ಒಂದು ಶನಿವಾರ ಸೊಸೆ ಮನೆಗೆ ಬಂದಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲವಿರಲಿಲ್ಲ. ಸೊಸೆಯನ್ನು ಕಂಡು ಏನೂ ಹೇಳದೆ ಮೆಟ್ಟಿಲಿಳಿಯತೊಡಗಿದಳು. ಮಂಡಿ ನೋಯುತ್ತಿದ್ದುದರಿಂದ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಿದ್ದಳು. ಸೊಸೆ ಊಟದ ಡಬ್ಬಿಯನ್ನು ಒಳಗಿಟ್ಟು ಹಿಂದೆಯೇ ಹೋದಳು.

ಮೊದಲು ತಟ್ಟಿದ್ದು ದರ್ಜಿಯ ಬಾಗಿಲು. ಇಷ್ಟು ದಿನ ಬಾರದ ಶನಿವಾರದಮ್ಮ ಬಂದಳಲ್ಲ ಎಂಬ ಕುತೂಹಲಕ್ಕೋ ಏನೋ, ದರ್ಜಿಯ ಹೆಂಡತಿ ಬಾಗಿಲು ತೆಗೆದಳು.

"ನಾನು ಇವತ್ತು ಕಥೆ ಹೇಳೋಕೆ ಬಂದಿಲ್ಲ," ಎಂದಳು ಅತ್ತೆ. "ಕೊನೇ ಮನೆಯವಳಿಗೆ ನಾನೇ ಮಾತ್ರೆ ಬೇಡ ಅಂದಿದ್ದು. ಆ ಮಾತು ತಪ್ಪು. ದೇವರು ಅದನ್ನ ನನಗೆ ಹೇಳಿಕೊಟ್ಟಿರಲಿಲ್ಲ, ನಾನೇ ಸೇರಿಸಿದೆ. ನಿಮಗೂ ಯಾವತ್ತಾದ್ರೂ ಹಾಗೆ ಹೇಳಿದ್ರೆ ಕೇಳಬೇಡಿ. ಔಷಧಿ ತಗೊಳ್ಳಿ."

ದರ್ಜಿಯ ಹೆಂಡತಿ ಪಿಳಿಪಿಳಿ ನೋಡಿದಳು. ನಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲ ಎಂದಳು.

ಅತ್ತೆ ಮುಂದಿನ ಬಾಗಿಲಿಗೆ ಹೋದಳು. ಅಲ್ಲೂ ಅದನ್ನೇ ಹೇಳಿದಳು. ಅದರ ಮುಂದಿನದರಲ್ಲೂ. ಅವತ್ತು ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಸುದ್ದಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಿ, ಅವಳು ತಟ್ಟುವ ಮೊದಲೇ ಜನ ಹೊರಗೆ ಬಂದು ನಿಂತಿದ್ದರು. ಒಬ್ಬಿಬ್ಬರು ನಕ್ಕರು. ಒಬ್ಬಳು, ಈಗ ಬುದ್ಧಿ ಬಂತಾ ಎಂದಳು. ಅತ್ತೆ ಬಂತು ಎಂದಳು. ಮೂರನೇ ಮಹಡಿಯ ದಪ್ಪನೆಯ ಹೆಂಗಸೊಬ್ಬಳು, ಪಾಪ, ಕೆಟ್ಟ ಮನಸ್ಸಿನಿಂದಲ್ಲ, ಸಮಾಧಾನ ಮಾಡಲೆಂದೇ ಹೇಳಿದಳು:

"ಅದಕ್ಕ್ಯಾಕೆ ಅಷ್ಟು ಹಚ್ಕೋತೀರಾ? ನೀವು ಹೇಳಿದ್ದನ್ನ ನಾವು ಯಾವತ್ತು ಕೇಳಿಸಿಕೊಂಡಿದ್ದೀವಿ?"

ಅತ್ತೆ ಕಂಬಿ ಹಿಡಿದು ನಿಂತಳು. ಇಳಿಯುವಾಗ ತಿರುವಿನಲ್ಲಿ ಒಂದು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ವಾರಗಳ ನಂತರ ಸೊಸೆಯೊಡನೆ ಮಾತಾಡಿದಳು. ಆದರೆ ಅವಳ ಮುಖ ನೋಡಲಿಲ್ಲ.

"ನಿಜ ಕಣೇ. ಇಷ್ಟು ವರ್ಷದಲ್ಲಿ ಕೇಳಿದವಳು ಅವಳೊಬ್ಬಳೇ."

ಸೊಸೆ ತೋಳು ಕೊಟ್ಟು ಎಬ್ಬಿಸಿದಳು.

ಬೀದಿಯ ಕೊನೆಯಲ್ಲಿ ಒಂದು ಸಾಮಾನು ಗಾಡಿ ನಿಂತಿತ್ತು. ಇಸ್ತ್ರಿಯವಳನ್ನು ಹಿಂದಿನ ದಿನವೇ ಆಸ್ಪತ್ರೆಯಿಂದ ಬಿಟ್ಟಿದ್ದರು. ತಮ್ಮ ತನ್ನ ಮನೆಗೆ ಕರೆದೊಯ್ಯುತ್ತಿದ್ದ. ಮೇಜು, ಮಂಚ ಆಗಲೇ ಗಾಡಿಗೇರಿದ್ದವು. ಅವಳು ಖಾಲಿ ಕೋಣೆಯ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು. ಕೈಯನ್ನು ಮಡಿಲಲ್ಲಿ, ನಿದ್ದೆ ಹೋದ ಮಗುವನ್ನು ಇಟ್ಟುಕೊಂಡ ಹಾಗೆ, ಇಟ್ಟುಕೊಂಡಿದ್ದಳು. ಕೆನ್ನೆಯ ಪಟ್ಟಿ ತೆಗೆದಿದ್ದರು. ಅಲ್ಲಿ ಚರ್ಮ ನಸುಗೆಂಪಾಗಿ ಹೊಳೆಯುತ್ತಿತ್ತು.

ಅತ್ತೆ ಹೊಸ್ತಿಲಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿದಳು. ಹಿಂದಿನ ಬಾಗಿಲುಗಳಲ್ಲಿ ಹೇಳಿದಷ್ಟು ಸಲೀಸಾಗಿ ಬರಲಿಲ್ಲ. ತಮ್ಮನ ಮುಂದೆ ಸುಳ್ಳು ಹೇಳಿದ್ದನ್ನೂ ಹೇಳಿದಳು. ಗಂಟು ಹೊರುತ್ತಿದ್ದ ತಮ್ಮ ಒಂದು ಕ್ಷಣ ನಿಂತು, ಮತ್ತೆ ಹೊತ್ತುಕೊಂಡು ಹೊರಗೆ ಹೋದ.

ಇಸ್ತ್ರಿಯವಳು ಮಡಿಲಲ್ಲಿದ್ದ ಕೈಯನ್ನು ಸರಿಯಾಗಿಟ್ಟುಕೊಂಡಳು.

"ಬಿಡಬೇಕು ಅಂತ ನನಗೂ ಇತ್ತು," ಎಂದಳು. ನಾಲಿಗೆ ಭಾರವಾಗಿ, ಮಾತು ನಿಧಾನವಾಗಿ ಬರುತ್ತಿತ್ತು. "ಯಾರಾದ್ರೂ ಹೇಳಲಿ ಅಂತ ಕಾಯ್ತಿದ್ದೆ. ನೀವು ಹೇಳಿದ್ರಿ. ಆ ದಿನಗಳು ಚೆನ್ನಾಗಿದ್ವು, ಅದಕ್ಕೆ ಸುಳ್ಳು ಹೇಳಲ್ಲ. ಈಗ ಹೋಗಿ ಅಮ್ಮ. ಪ್ರಾರ್ಥನೆ ಬೇಡ."

ಅತ್ತೆ ತಲೆಯಾಡಿಸಿ ತಿರುಗಿದಳು. ಸೊಸೆಯೂ ತಿರುಗಿದಳು.

"ನೀನು ನಿಲ್ಲು," ಎಂದಳು ಇಸ್ತ್ರಿಯವಳು. "ಅವತ್ತು ನೀನೇನೋ ಹೇಳೋಕೆ ಬಾಯಿ ತೆಗೆದೆ. ನಾನು ನಿನ್ನ ಮುಖಾನೇ ನೋಡ್ತಿದ್ದೆ. ಅವರಿಗೆ ಹುಚ್ಚು ನಂಬಿಕೆ, ಸರಿ. ನಿನಗೆ ಗೊತ್ತಿತ್ತಲ್ಲ. ಯಾಕೆ ಹೇಳಲಿಲ್ಲ?"

ಅತ್ತೆ ಗದರಿಸುತ್ತಾರೆಂದು ಸುಮ್ಮನಾದೆ ಎಂದು ಸೊಸೆ ಹೇಳಬಹುದಿತ್ತು. ಕಾಲು ನೋಯುತ್ತಿತ್ತು, ಚಹಾ ಆರುತ್ತಿತ್ತು, ಮನೆಯಲ್ಲಿ ಬಟ್ಟೆ ನೆನೆದಿತ್ತು ಎನ್ನಬಹುದಿತ್ತು. ಎಲ್ಲವೂ ನಿಜವೇ. ಯಾವುದನ್ನೂ ಆ ಕೈಯ ಮುಂದೆ ಇಡುವಂತಿರಲಿಲ್ಲ. ನಿಜ ಹೇಳಿದವಳು ನಾನೊಬ್ಬಳೇ ಎಂದು ಇಷ್ಟು ದಿನ ಒಳಗೊಳಗೇ ಹಿಡಿದುಕೊಂಡಿದ್ದ ಊರುಗೋಲು ಎಲ್ಲಿ ಬಿತ್ತೋ ತಿಳಿಯಲಿಲ್ಲ. ಅವಳು ನಿಂತೇ ಇದ್ದಳು. ತಮ್ಮ ಬಂದು, ಅಕ್ಕ, ಹೊರಡೋಣ ಎಂದು ಸ್ಟೂಲಿಗಾಗಿ ಕಾದ.

ಅತ್ತೆ ಆಮೇಲೆ ಬಾಗಿಲು ತಟ್ಟಲು ಹೋಗಲಿಲ್ಲ. ಸಭೆಗೆ ಹೋಗುತ್ತಿದ್ದಳು, ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ಶನಿವಾರ ಮಧ್ಯಾಹ್ನ ಬೀದಿಯಲ್ಲಿ ರೇಡಿಯೋಗಳು ಎಂದಿನಂತೆ ಮೊಳಗುತ್ತಿದ್ದವು. ಸೊಸೆಯ ಅಡುಗೆಯನ್ನು ಮತ್ತೆ ತಿನ್ನತೊಡಗಿದಳು. ಆದರೆ ರುಚಿ ಹೇಗಿದೆ ಎಂದು ಹೇಳುತ್ತಿರಲಿಲ್ಲ. ಅತ್ತೆ ಸೊಸೆ ಒಬ್ಬರನ್ನೊಬ್ಬರು ದೂರಲೂ ಇಲ್ಲ, ಸಂತೈಸಲೂ ಇಲ್ಲ. ಮಗ ಹಗಲು ಪಾಳಿಗೆ ಮರಳಿದ. ಎಲ್ಲ ಸರಿಹೋಯಿತಲ್ಲ ಎಂದ.

ಒಂದು ಶನಿವಾರ ಸೊಸೆ ಕಾರ್ಖಾನೆಯಿಂದ ಮನೆಗೆ ಬರದೆ, ಎರಡು ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಊರಿನ ಇನ್ನೊಂದು ತುದಿಗೆ ಹೋದಳು. ತಮ್ಮನ ಮನೆಯ ಬಾಗಿಲು ತಟ್ಟಿದಳು. ಒಳಗೆ ಯಾರೋ ನಡೆದಾಡಿದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಮುಂದಿನ ವಾರವೂ ಹೋದಳು. ತಮ್ಮನ ಹೆಂಡತಿ ತೆಗೆದು, ಮಲಗಿದ್ದಾರೆ ಎಂದು ಕಳಿಸಿದಳು. ಅದರ ಮುಂದಿನ ವಾರ ಮಳೆ ಹನಿಯುತ್ತಿತ್ತು. ಇಸ್ತ್ರಿಯವಳೇ ಬಂದು ಬಾಗಿಲನ್ನು ಅರ್ಧ ತೆರೆದು, ಅದಕ್ಕೆ ಭುಜ ಆನಿಸಿ ನಿಂತಳು. ಕೂದಲು ಸಿಕ್ಕುಗಟ್ಟಿತ್ತು. ಎಡಗೈಯಲ್ಲಿ ಬಾಚಣಿಗೆಯಿತ್ತು.

"ಏನು ಹೇಳೋಕೆ ಬಂದೆ?" ಎಂದಳು.

"ಏನೂ ಇಲ್ಲ," ಎಂದಳು ಸೊಸೆ.

ಇಸ್ತ್ರಿಯವಳು ಅವಳ ಒದ್ದೆ ಚಪ್ಪಲಿಯನ್ನು ನೋಡಿದಳು, ಮುಖ ನೋಡಿದಳು. ಬಾಗಿಲಿನಿಂದ ಭುಜ ತೆಗೆದು ಒಳಗೆ ಹೋಗಿ, ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿ ಹಿಡಿದಳು.